ಪೋರ್ಟ್ ತೆರೆದರೂ ಗೆಳೆಯ ಒಳಗೆ ಬರಲಿಲ್ಲ

ರಾತ್ರಿ ಹನ್ನೊಂದೂವರೆ. ನನ್ನ ಪಿಸಿಯಲ್ಲಿ ಮೈನ್‌ಕ್ರಾಫ್ಟ್ ಆಟದ ಸರ್ವರ್ ಓಡುತ್ತಿದೆ, ಅದರೊಳಗೆ ನಾನೊಬ್ಬನೇ ಮರ ಕಡಿಯುತ್ತಾ ನಿಂತಿದ್ದೇನೆ. ಹೆಡ್‌ಫೋನಿನಲ್ಲಿ ಗೆಳೆಯ ಹೇಳುತ್ತಾನೆ, "ಇಲ್ಲ ಕಣೋ, ಮತ್ತೆ ಟೈಮ್ಡ್ ಔಟ್." ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೆ.

ಗೆಳೆಯ ತನ್ನ ಮನೆಯಿಂದಲೇ ನನ್ನ ಸರ್ವರ್‌ಗೆ ಸೇರಲಿ ಅಂತ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ರೂಲ್ ಹಾಕಿ ಎರಡು ದಿನ ಆಗಿತ್ತು. ವಿಷಯ ಏನೂ ಕಷ್ಟದ್ದಲ್ಲ. ಹೊರಗಿನಿಂದ ನೋಡಿದರೆ ಇಡೀ ಮನೆಗೆ ಒಂದೇ ವಿಳಾಸ. ಒಳಗಿನಿಂದ ನಾವಾಗಿ ಏನಾದರೂ ಕೇಳಿದರೆ, ಉತ್ತರ ಬಂದಾಗ ಅದು ಫೋನಿಗೋ ಪಿಸಿಗೋ ಅಂತ ರೂಟರ್‌ಗೆ ಗೊತ್ತಿರುತ್ತದೆ, ಯಾಕಂದರೆ ಯಾರು ಕೇಳಿದ್ದು ಅಂತ ಅದು ಬರೆದಿಟ್ಟುಕೊಂಡಿರುತ್ತದೆ. ಯಾರೋ ಹೊರಗಿನವರು ತಾವಾಗಿ ಬಂದು ಬಾಗಿಲು ಬಡಿದರೆ ಮಾತ್ರ ಯಾರನ್ನು ಕರೆಯಬೇಕೋ ಗೊತ್ತಾಗದೆ ಸುಮ್ನೆ ಬಿಸಾಕುತ್ತದೆ. 25565ನೇ ಪೋರ್ಟಿಗೆ (ಮೈನ್‌ಕ್ರಾಫ್ಟ್‌ನ ಬಾಗಿಲ ನಂಬರ್) ಬಂದವರನ್ನು 192.168.1.40ಕ್ಕೆ (ಮನೆಯೊಳಗೆ ನನ್ನ ಪಿಸಿಯ ಐಪಿ, ಅಂದರೆ ವಿಳಾಸ) ಕಳಿಸು ಅಂತ ಹೇಳಿಕೊಡುವುದೇ ಪೋರ್ಟ್ ಫಾರ್ವರ್ಡಿಂಗ್. ಅಷ್ಟೇ.

ಮೊದಲ ದಿನದ ತಪ್ಪೆಲ್ಲ ನನ್ನದೇ. ಡೇಟಾ ಕಳಿಸುವ ಎರಡು ಬಗೆಗಳಲ್ಲಿ, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಗೆ ಬೇಕಿದ್ದದ್ದು ಟಿಸಿಪಿ, ನಾನು ಹಾಕಿದ್ದು ಯುಡಿಪಿ. (ಬೆಡ್‌ರಾಕ್ ಅನ್ನುವ ಇನ್ನೊಂದು ಆವೃತ್ತಿ ಆದರೆ ಉಲ್ಟಾ, ಅದಕ್ಕೆ ಯುಡಿಪಿ 19132.) ಅದನ್ನು ಸರಿ ಮಾಡಿ ಪಿಸಿ ರೀಸ್ಟಾರ್ಟ್ ಮಾಡಿದೆ, ಪಿಸಿಯ ಐಪಿ 40 ಹೋಗಿ 43 ಆಗಿಬಿಟ್ಟಿತ್ತು! ರೂಲ್ ಪಾಪ ಯಾರೂ ಇಲ್ಲದ ಕೋಣೆಗೆ ಜನ ಕಳಿಸುತ್ತಾ ಕೂತಿತ್ತು. ಹಾಗಾಗಿ ರೂಟರ್‌ನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುವ ಕಡೆ ಪಿಸಿಯ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಒಂದು ಐಪಿ ಕಟ್ಟಿಹಾಕಿ, ಆಮೇಲೆ ರೂಲ್ ಬರೆಯಿರಿ. ಇನ್ನೊಂದು, ವಿಂಡೋಸ್ ಫೈರ್‌ವಾಲ್‌ನಲ್ಲಿ ಸರ್ವರ್ ಓಡಿಸುವ ಜಾವಾ ಪ್ರೋಗ್ರಾಮಿಗೆ ಪ್ರೈವೇಟ್ ನೆಟ್‌ವರ್ಕಿಗೆ ಮಾತ್ರ ಟಿಕ್ ಹಾಕಿದ್ದೆ, ನನ್ನ ವೈಫೈ ನೋಡಿದರೆ ಪಬ್ಲಿಕ್ ಅಂತ ಕೂತಿದೆ. ಅದನ್ನೂ ಬದಲಾಯಿಸಿ, ಮನೆಯ ಇನ್ನೊಂದು ಲ್ಯಾಪ್‌ಟಾಪಿನಿಂದ ಒಳಗಿನ ಐಪಿ ಹಾಕಿ ನೋಡಿದೆ, ಸಲೀಸಾಗಿ ಒಳಗೆ ಹೋಯಿತು. ಅಂದರೆ ಸರ್ವರ್ ಸರಿ, ಫೈರ್‌ವಾಲ್ ಸರಿ.

ಆದರೂ ಗೆಳೆಯನಿಗೆ ಟೈಮ್ಡ್ ಔಟ್. ಪೋರ್ಟ್ ಪರೀಕ್ಷೆ ಮಾಡುವ ವೆಬ್‌ಸೈಟೂ ಕ್ಲೋಸ್ಡ್ ಅಂತಲೇ ಹೇಳುತ್ತಿತ್ತು. ಸರ್ವರ್ ಓಡದೇ ಇದ್ದರೆ ರೂಲ್ ಸರಿ ಇದ್ದರೂ ಅದು ಹಾಗೇ ಹೇಳುತ್ತದೆ, ಆದರೆ ನನ್ನದು ಓಡುತ್ತಿತ್ತಲ್ಲ.

ಎರಡನೇ ರಾತ್ರಿ, ಬೇರೇನೂ ತೋಚದೆ, ರೂಟರ್‌ನ ಸ್ಟೇಟಸ್ ಪುಟ ತೆಗೆದೆ. ವ್ಯಾನ್ ಐಪಿ (ರೂಟರ್‌ನ ಹೊರಬದಿಯ ವಿಳಾಸ) ಅಂತ ಇರುವ ಕಡೆ 100.72ರಿಂದ ಶುರುವಾಗುವ ನಂಬರ್. ಬ್ರೌಸರ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿದರೆ ಬಂದದ್ದು ಬೇರೆಯೇ ನಂಬರ್. ಗೆಳೆಯನಿಗೆ ನಾನು ಕೊಟ್ಟಿದ್ದು ಈ ಎರಡನೆಯದು.

ಇದೇ ಸಿಜಿನ್ಯಾಟ್. ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ನಲ್ಲಿ ಇರುವುದೇ ಒಟ್ಟು ಸುಮಾರು 430 ಕೋಟಿ ವಿಳಾಸ, ಎಲ್ಲರಿಗೂ ಸಾಲುವುದಿಲ್ಲ. ಅದಕ್ಕೆ ಇಂಟರ್ನೆಟ್ ಕೊಡುವವರು ನೂರಾರು ಮನೆಗಳನ್ನು ಒಂದೇ ಪಬ್ಲಿಕ್ ಐಪಿಯ ಹಿಂದೆ ಕೂರಿಸುತ್ತಾರೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟಿದ್ದಾರೆ. ಗೆಳೆಯ ಬಾಗಿಲು ಬಡಿಯುತ್ತಿದ್ದದ್ದು ಇಂಟರ್ನೆಟ್ ಕೊಡುವವರ ರೂಟರ್‌ನದ್ದು, ಅಲ್ಲಿ ನನ್ನ ರೂಲ್ ಎಲ್ಲಿಂದ ಬರಬೇಕು? ನನ್ನ ರೂಟರ್‌ವರೆಗೆ ಅವನು ಒಂದು ಸಲವೂ ಬಂದಿರಲೇ ಇಲ್ಲ. ಈ ಎರಡು ನಂಬರ್ ಹೋಲಿಸಿ ನೋಡಲು ಬೇಕಿದ್ದದ್ದು ಅರ್ಧ ನಿಮಿಷ, ನಾನು ಕಳೆದದ್ದು ಎರಡು ರಾತ್ರಿ. ದಯವಿಟ್ಟು ನೀವು ಮೊದಲು ಇದನ್ನೇ ನೋಡಿ. ವ್ಯಾನ್ ಐಪಿ 192.168 ಅಥವಾ 10ರಿಂದ ಶುರುವಾದರೂ ಎಚ್ಚರ, ನಿಮ್ಮ ಮುಂದೆ ಇನ್ನೊಂದು ರೂಟರ್ ಇದೆ ಅಂತ ಅರ್ಥ. ಅದು ನಿಮ್ಮ ಮನೆಯದೇ ಮೋಡೆಮ್ ಆಗಿದ್ದರೆ ಬ್ರಿಡ್ಜ್ ಮೋಡ್‌ಗೆ ಹಾಕಿ, ಆಗ ಅದು ರೂಟರ್ ಕೆಲಸ ಬಿಟ್ಟು ಬರೀ ದಾಟಿಸುತ್ತದೆ.

ನಾನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಮೊದಲು ಸಿಕ್ಕವರು ರೂಟರ್ ಆಫ್ ಮಾಡಿ ಆನ್ ಮಾಡಿ ಅಂದರು (ಇನ್ನೇನು ಹೇಳ್ತಾರೆ). ಎರಡನೆಯವರಿಗೆ ನೇರವಾಗಿ "ನನಗೆ ಪಬ್ಲಿಕ್ ಐಪಿ ಬೇಕು" ಅಂದೆ, ತಕ್ಷಣ ಅರ್ಥವಾಯಿತು. ಅದು ಸಿಗದಿದ್ದರೆ ದೂರದ ಪಿಸಿಗಳನ್ನು ಒಂದೇ ಮನೆಯಲ್ಲಿದ್ದಂತೆ ಜೋಡಿಸುವ ಟೇಲ್‌ಸ್ಕೇಲ್ ಥರದ್ದನ್ನು ಎರಡೂ ಕಡೆ ಹಾಕಿಕೊಂಡು ಆಡಬಹುದು, ರೂಟರ್ ಮುಟ್ಟುವುದೇ ಬೇಡ. ಏನೇ ಆಗಲಿ, ಡಿಎಂಝಡ್ ಅಂತ ಇರುವ ಬಟನ್ ಒತ್ತಬೇಡಿ, ಅದು ಪಿಸಿಯ ಎಲ್ಲ ಪೋರ್ಟನ್ನೂ ಹೊರಗಿನವರ ಮುಂದೆ ಇಡುತ್ತದೆ.

ಹೊಸ ಐಪಿ ಬಂದ ಸಂಜೆ ನಾನೇ ಮೊದಲು ಅದನ್ನು ಹಾಕಿ ಸೇರಲು ನೋಡಿದೆ. ಟೈಮ್ಡ್ ಔಟ್! ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಒಳಗೇ ಕೂತು ತನ್ನದೇ ಹೊರಗಿನ ವಿಳಾಸಕ್ಕೆ ಹೋಗಲು ಎಷ್ಟೋ ರೂಟರ್‌ಗಳು ಬಿಡುವುದಿಲ್ಲವಂತೆ, ನನ್ನದೂ ಆ ಜಾತಿ. ನಾನು ಮತ್ತೆ ಸೆಟ್ಟಿಂಗ್ಸ್ ಕೆದಕುತ್ತಿದ್ದಾಗ ಹೆಡ್‌ಫೋನಿನಲ್ಲಿ ಗೆಳೆಯನ ದನಿ: "ಲೋ, ನಾನು ಒಳಗಿದ್ದೀನಿ ಕಣೋ. ಈ ಪೆಟ್ಟಿಗೆಯಲ್ಲಿರೋ ಕಬ್ಬಿಣ ತಗೊಳ್ಲಾ?"

ವೈಟ್‌ಲಿಸ್ಟ್ ಆನ್ ಮಾಡಿದ್ದೇನೆ, ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಪ್ರವೇಶ. ತೆರೆದಿರುವ 25565 ಹುಡುಕಿಕೊಂಡು ಬಾಟ್‌ಗಳು ಸದಾ ಅಲೆಯುತ್ತಿರುತ್ತವೆ. ಕಬ್ಬಿಣ ಮಾತ್ರ ಹೋಯಿತು.