ಗುಲಾಬಿ ಬಣ್ಣದ ಹೂವಿಗೆ ಹಸಿರು ಚಾನೆಲ್

ಫೆಬ್ರವರಿಯ ಮಂಜಿನ ಬೆಳಗಲ್ಲಿ ಜಯನಗರದ ಒಳರಸ್ತೆಯೊಂದರಲ್ಲಿ ತೆಗೆದ, ಗುಲಾಬಿ ಬಣ್ಣದ ಹೂ ಬಿಟ್ಟ ಟಬೂಬಿಯಾ ಮರದ ಫೋಟೊ ನೋಡಿ, ಚಿಕ್ಕಮ್ಮ ಹಾಲ್‌ಗೆ ದೊಡ್ಡ ಪ್ರಿಂಟ್ ಬೇಕೆಂದರು. ಒಂದೇ ಷರತ್ತು: "ಆಕಾಶ ಸುಣ್ಣ ಬಳಿದ ಹಾಗಿದೆ, ನೀಲಿ ಮಾಡು."

ಎಲೆ ಉದುರಿಸಿ ನಿಂತ ಮರ. ಮೈತುಂಬ ಹೂಗೊಂಚಲು, ನಡುವೆ ಸಣ್ಣ ಸಣ್ಣ ರೆಂಬೆ, ಸಂದಿಯಲ್ಲೆಲ್ಲ ಆಕಾಶದ ಚೂರು. ಆಕಾಶ ಬದಲಿಸಲು ಮೊದಲು ಮರವನ್ನು ಅದರಿಂದ ಬೇರ್ಪಡಿಸಬೇಕು. ಫೋಟೊ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಪೆನ್ ಟೂಲ್ ಹಿಡಿದು ಅಂಚಿಗೆಲ್ಲ ಕೈಯಾರೆ ಗೆರೆ ಎಳೆಯುತ್ತ ಕೂತರೆ ಮುಂದಿನ ಯುಗಾದಿಗೆ ಮುಗಿದೀತು. ಆಟೊಮ್ಯಾಟಿಕ್ ಸೆಲೆಕ್ಷನ್ ಹೊರಗೆರೆಯನ್ನೇನೋ ಚೆನ್ನಾಗಿ ಹಿಡಿಯಿತು, ಒಳಗಿನ ಸಂದಿಗಳನ್ನು ಮಾತ್ರ ಮರಕ್ಕೇ ಸೇರಿಸಿಬಿಟ್ಟಿತು.

ಕೊನೆಗೆ ಹಳೇ ದಾರಿಯೇ ಗತಿ, ಚಾನೆಲ್. ಅಂದರೆ ಫೋಟೊದ ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆಬೇರೆಯಾಗಿ ತೋರಿಸುವ ಕಪ್ಪು-ಬಿಳುಪು ಚಿತ್ರ. ಮರ, ಆಕಾಶ ಅಂದರೆ ನೀಲಿ ಚಾನೆಲ್ ಅಂತ ಎಲ್ಲರೂ ಹೇಳುತ್ತಾರೆ. ಹಸಿರೆಲೆಗೆ ಅದು ಸರಿ. ಎಲೆ ನೀಲಿ ಬೆಳಕನ್ನು ನುಂಗುತ್ತದೆ, ಅಲ್ಲಿ ಕಪ್ಪಗೆ ಕಾಣುತ್ತದೆ. ಗುಲಾಬಿ ಬಣ್ಣದ ಹೂವಿನಲ್ಲಿ ಕೆಂಪು ಧಾರಾಳ, ನೀಲಿಯೂ ಸಾಕಷ್ಟು. ಕಡಿಮೆ ಇರುವುದು ಹಸಿರು. ಬಿಳಿ ಆಕಾಶದಲ್ಲಿ ಮೂರೂ ಹೆಚ್ಚುಕಮ್ಮಿ ಸಮ. ಹಸಿರು ಚಾನೆಲ್ ಒತ್ತಿದ್ದೇ ತಡ, ಹೂವೆಲ್ಲ ಬೂದು, ರೆಂಬೆ ಕಪ್ಪು, ಆಕಾಶ ಬೆಳ್ಳಗೆ!

ಅದರ ನಕಲು ತೆಗೆದು, ಕಪ್ಪನ್ನು ಇನ್ನೂ ಕಪ್ಪಾಗಿ, ಬಿಳಿಯನ್ನು ಇನ್ನೂ ಬಿಳಿಯಾಗಿ ಮಾಡುವ ಲೆವೆಲ್ಸ್‌ನಲ್ಲಿ ಎಳೆದೆ. ಈ ನಕಲೇ ಮಾಸ್ಕ್: ಬಿಳಿ ಇದ್ದಲ್ಲಿ ಹೊಸ ಆಕಾಶ ಕಾಣುತ್ತದೆ, ಕಪ್ಪಿದ್ದಲ್ಲಿ ಮರ ಉಳಿಯುತ್ತದೆ. ಪೂರ್ತಿ ಎಳೆಯಬಾರದು. ಮಾಸ್ಕ್‌ನಲ್ಲಿ 0ಯಿಂದ 255ರವರೆಗೆ ಬೂದಿನ ಮೆಟ್ಟಿಲುಗಳಿವೆ. ಬೆಳಕು ಹಾಯುವ ಎಸಳಿನ ಅಂಚು ಉಳಿಯುವುದು ಆ ನಡುವಿನ ಬೂದಿನಲ್ಲೇ. ಕತ್ತರಿ ಆಡಿಸಿದಂಥ ಅಂಚು ಕಂಡರೆ ನನಗಾಗದು. ಗೊಂಚಲಿನ ಒಳಭಾಗಕ್ಕೆ ಬ್ರಷ್ಷನ್ನು ಓವರ್‌ಲೇ ಮೋಡ್‌ಗೆ ಹಾಕಿ ಕಪ್ಪು ಸವರಿದೆ. ಬೂದು ಕಪ್ಪಾಗುತ್ತದೆ, ಪಕ್ಕದ ಅಚ್ಚ ಬಿಳಿ ಜಗ್ಗುವುದಿಲ್ಲ.

ಕೇಬಲ್ ತಂತಿಗಳೂ ಕಪ್ಪೇ ಆದ್ದರಿಂದ ಮರದ ಜೊತೆ ನಿಷ್ಠೆಯಿಂದ ಉಳಿದುಕೊಂಡವು. (ತಂತಿ ಹಾಯದ ಬೀದಿಮರ ಬೆಂಗಳೂರಲ್ಲಿ ಎಲ್ಲಿದೆ?) ಅವನ್ನು ಮೂಲ ಚಿತ್ರದಲ್ಲಿ ಹೀಲಿಂಗ್ ಬ್ರಷ್‌ನಿಂದ ಅಳಿಸಿ, ಮಾಸ್ಕ್‌ನಲ್ಲೂ ಆಕಾಶದ ಮೇಲೆ ಹಾದಿದ್ದ ಕಡೆ ಬಿಳಿ ಸವರಿದೆ.

ಫೋಟೊದ ಮೇಲೆ ಹಾಸಿದ ನೀಲಿ ಆಕಾಶದ ಲೇಯರ್‌ಗೆ (ಪದರಕ್ಕೆ) ಮಾಸ್ಕ್ ಹಾಕಿದರೆ ಪ್ರತಿ ಎಸಳಿನ ಸುತ್ತ ಬಿಳಿ ಗೆರೆ. ಅಂಚಿನ ಪಿಕ್ಸೆಲ್‌ಗಳಲ್ಲಿ ಹಳೇ ಆಕಾಶ ಬೆರೆತಿದೆಯಲ್ಲ. ಲೇಯರನ್ನು ಮಲ್ಟಿಪ್ಲೈ ಮೋಡ್‌ಗೆ ಬದಲಿಸಿದೆ. ಅದರಲ್ಲಿ ಬಿಳಿಯ ಮೇಲೆ ನೀಲಿ ಬಿದ್ದರೆ ನೀಲಿಯೇ, ಮಾಸ್ಕ್ ಹೂವನ್ನು ಕಾಯುತ್ತದೆ. ಗೆರೆ ಮಾಯ.

ಚಿಕ್ಕಮ್ಮನಿಗೆ ಇನ್ನೂ ಗಾಢ ನೀಲಿ ಬೇಕಿತ್ತು. ನಾನು ಒಪ್ಪಲಿಲ್ಲ. ಎಸಳುಗಳ ಮೇಲೆ ಎಲ್ಲೂ ನೆರಳಿಲ್ಲ, ಅದು ಮಂಜಿನ ಬೆಳಕು. ಹಿಂದೆ ನಡುಹಗಲಿನ ನೀಲಿ ಇಟ್ಟರೆ ಮಾಸ್ಕ್ ಎಷ್ಟೇ ನವಿರಾಗಿದ್ದರೂ ಕಣ್ಣು ನಂಬುವುದಿಲ್ಲ. ಸೋಫಾಗೆ ತಿಳಿನೀಲಿಯೇ ಒಪ್ಪುತ್ತದೆ ಅಂತ ಹೇಳಿ ಪ್ರಿಂಟಿಗೆ ಕಳಿಸಿದೆ.