ಹೋಟೆಲಿನ ಅಡುಗೆಮನೆಯಲ್ಲಿ ಆಹಾರ ಸುರಕ್ಷತಾ ಸಲಹೆಗಾರ ಮಾಡಬೇಕಾದ ಕೆಲಸ

ಮುಂಬಯಿಯ ಹೋಟೆಲುಗಳಿಗೆ ಆಹಾರ ಸುರಕ್ಷತೆಯ ಬಗ್ಗೆ ಸಲಹೆ ನೀಡುವುದು ನನ್ನ ಉದ್ಯೋಗ. ಮಾಟುಂಗಾದಿಂದ ಮುಲುಂಡ್, ಬೊರಿವಲಿಯವರೆಗೆ ನಾನು ಹೋಗಿಬರುವ ಹೋಟೆಲುಗಳಲ್ಲಿ ಹೆಚ್ಚಿನವು ಉಡುಪಿ, ಕುಂದಾಪುರ ಕಡೆಯ ನಮ್ಮವರದು. ಅವರಲ್ಲಿ ಬಹುಪಾಲು ಮಾಲೀಕರು ನಮ್ಮಂಥವರನ್ನು ಕರೆಯುವುದು ಆಹಾರ ಸುರಕ್ಷತಾ ಅಧಿಕಾರಿಗಳಿಂದ ಸುಧಾರಣಾ ನೋಟಿಸು ಕೈಗೆ ಬಂದ ಮೇಲೆಯೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 32ನೆಯ ಕಲಮಿನ ಪ್ರಕಾರ ಲೋಪ ಸರಿಪಡಿಸಲು ಕನಿಷ್ಠ 14 ದಿನಗಳ ಅವಕಾಶವಿರುತ್ತದೆ. ಅದರೊಳಗೆ ಸರಿಯಾಗದಿದ್ದರೆ ಪರವಾನಗಿಯನ್ನು ಅಮಾನತಿನಲ್ಲಿಡಬಹುದು, ಆಮೇಲೂ ಸರಿಯಾಗದಿದ್ದರೆ ರದ್ದು ಮಾಡಬಹುದು. ಆ ಆತಂಕದಲ್ಲಿ ಅವರು ಮೊದಲು ಹೇಳುವ ಮಾತು, "ಫೈಲು ಒಂದು ಸರಿ ಮಾಡಿಕೊಡಿ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ" ಎಂಬುದು. ಉಳಿದದ್ದು ಎಂದು ಅವರು ಬದಿಗಿಡುವುದರಲ್ಲಿಯೇ ನಮ್ಮ ಕೆಲಸವೆಲ್ಲ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಲ್ಲಂಘನೆಯೆಂದರೆ ಕೊಳಕು ಎಂಬ ತಿಳಿವಳಿಕೆ ಬಹಳ ಕಡೆ ಇದೆ. ಜಿರಲೆ, ಜಿಡ್ಡು ಹಿಡಿದ ಗೋಡೆ, ತಲೆಗೆ ಟೊಪ್ಪಿ ಇಲ್ಲದ ಅಡುಗೆಯವರು, ಇವೆಲ್ಲ ಲೋಪಗಳೇ. ಆದರೆ ಗಿರಾಕಿಯನ್ನು ಆಸ್ಪತ್ರೆಗೆ ಕಳುಹಿಸಬಲ್ಲ ಲೋಪಗಳು ಥಳಥಳ ಹೊಳೆಯುವ ಅಡುಗೆಮನೆಯಲ್ಲಿಯೂ ಇರುತ್ತವೆ. ಉದಾಹರಣೆಗೆ ಈರುಳ್ಳಿ, ಟೊಮೆಟೊ, ಗೋಡಂಬಿ ಹಾಕಿ ಮರುದಿನಕ್ಕೆಂದು ಮಾಡಿಡುವ ಪಂಜಾಬಿ ಗ್ರೇವಿಯನ್ನು ನೋಡೋಣ. ರಾತ್ರಿ ಹೋಟೆಲು ಮುಚ್ಚುವ ಹೊತ್ತಿಗೆ ದೊಡ್ಡ ತಪ್ಪಲೆಯಲ್ಲಿ ಕುದಿಸಿ, ಸ್ವಲ್ಪ ಹೊತ್ತು ಹೊರಗಿಟ್ಟು, ಮುಚ್ಚಳ ಹಾಕಿ ಫ್ರಿಜ್ಜಿಗೆ ಸೇರಿಸುತ್ತಾರೆ. ಬೆಳಿಗ್ಗೆ ಉದ್ದನೆಯ ಥರ್ಮಾಮೀಟರನ್ನು ಅದರ ನಡುಭಾಗಕ್ಕೆ ಇಳಿಸಿ ನೋಡಿದಾಗ ಇನ್ನೂ ಬೆಚ್ಚಗಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಫ್ರಿಜ್ಜಿನ ಫಲಕ 4 ಡಿಗ್ರಿ ತೋರಿಸುತ್ತಿರುತ್ತದೆ. ಅದು ಗಾಳಿಯ ಉಷ್ಣತೆಯೇ ಹೊರತು ಗ್ರೇವಿಯದ್ದಲ್ಲ. ಕುದಿಸಿದರೂ ಸಾಯದೆ ಉಳಿಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನಂಥ ಬ್ಯಾಕ್ಟೀರಿಯಾದ ಬೀಜಕಗಳಿಗೆ, ಅಂದರೆ ಅದರ ಸುಪ್ತ ರೂಪಕ್ಕೆ, ಮತ್ತೆ ಬೆಳೆಯಲು ಗಾಳಿಯಾಡದ, ಬೆಚ್ಚಗಿನ, ದಪ್ಪನೆಯ ಆ ನಡುಭಾಗಕ್ಕಿಂತ ಅನುಕೂಲವಾದ ಜಾಗ ಬೇರೆಯಿಲ್ಲ. ಬೇಯಿಸಿದ ಪದಾರ್ಥ 60 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ ಬೇಗನೆ 5 ಡಿಗ್ರಿಗೆ ಬರಬೇಕು ಎಂದು ನಿಯಮವಿರುವುದು ಈ ಕಾರಣಕ್ಕೆ.

ಇದನ್ನು ನಾನು ವಿವರಿಸಿದಾಗ ಅಡುಗೆಯ ಭಟ್ಟರೊಬ್ಬರು, "ಮಾರಾಯ್ರೆ, ಮೂವತ್ತು ವರ್ಷದಿಂದ ಹೀಗೆಯೇ ಮಾಡಿದ್ದು, ಯಾರಿಗೆ ಏನಾಗಿದೆ?" ಎಂದು ಕೇಳಿದರು. ಅವರ ಪ್ರಶ್ನೆಯನ್ನು ನಾನು ಗೌರವದಿಂದಲೇ ತೆಗೆದುಕೊಂಡೆ, ಏಕೆಂದರೆ ಅವರು ಕೆಲಸ ಕಲಿತ ಕಾಲದಲ್ಲಿ ಅಂದಿನ ಅಡುಗೆ ಅಂದಿಗೇ ಮುಗಿಯುತ್ತಿತ್ತು, ಪಾತ್ರೆಗಳೂ ಚಿಕ್ಕವಾಗಿದ್ದವು. ಆನ್‌ಲೈನ್ ಆರ್ಡರುಗಳು ಬಂದ ಮೇಲೆ ಪ್ರಮಾಣ ಬೆಳೆಯಿತು, ಪಾತ್ರೆ ದೊಡ್ಡದಾಯಿತು. ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. ಪಾತ್ರೆಯ ಆಳ ಹೆಚ್ಚಿದಷ್ಟೂ ನಡುವಿನ ಬಿಸಿ ಹೊರಬರಲು ಹಿಡಿಯುವ ಸಮಯ ಬಹಳ ಬೇಗ ಬೆಳೆಯುತ್ತದೆ. ನಾವು ಗ್ರೇವಿಯನ್ನು ಆಳ ಕಡಿಮೆಯಿರುವ ಸ್ಟೀಲ್ ಟ್ರೇಗಳಿಗೆ ಹರಡಿ, ಮಂಜುಗಡ್ಡೆಯ ನೀರಿನ ಮೇಲಿಟ್ಟು, ಆಗಾಗ ಕಲಕುತ್ತ, ಪ್ರತಿ ಅರ್ಧ ಗಂಟೆಗೊಮ್ಮೆ ಉಷ್ಣತೆಯನ್ನು ಭಟ್ಟರೇ ಅಳೆಯುವಂತೆ ಮಾಡಿದೆವು. ಅಂಕಿಗಳನ್ನು ಸ್ವತಃ ನೋಡಿದ ಮೇಲೆ ಅವರಿಗೆ ನನ್ನ ವಾದದ ಅಗತ್ಯ ಬೀಳಲಿಲ್ಲ. ಟ್ರೇಗಳಿಗೆ ಫ್ರಿಜ್ಜಿನಲ್ಲಿ ಜಾಗವಿಲ್ಲವೆಂದು ಅವರೇ ಮಾಲೀಕರಿಗೆ ಹೇಳಿ ಒಂದು ರ‍್ಯಾಕ್ ಹಾಕಿಸಿಕೊಂಡರು.

ಅನ್ನದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಚೈನೀಸ್ ವಿಭಾಗ ಇರುವುದು ಸಾಮಾನ್ಯ, ಫ್ರೈಡ್ ರೈಸಿಗೆ ಅನ್ನ ಉದುರುದುರಾಗಿರಬೇಕೆಂದು ಬೆಳಿಗ್ಗೆಯೇ ಬೇಯಿಸಿ ಹೊರಗೆ ಇಟ್ಟಿರುತ್ತಾರೆ. ಅಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ವಾಂತಿ ತರಿಸುವ ವಿಷವನ್ನು ಉಂಟುಮಾಡಬಲ್ಲುದು, ಆ ವಿಷ ಬಾಣಲೆಯ ಬೆಂಕಿಗೆ ನಾಶವಾಗುವುದಿಲ್ಲ. ಮತ್ತೆ ಬಿಸಿ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಬಿಡಿಸುವುದಕ್ಕೆ ನಾನು ಉಳಿದೆಲ್ಲ ತರಬೇತಿಗಿಂತ ಹೆಚ್ಚು ಸಮಯ ಕೊಡುತ್ತೇನೆ.

ಉಷ್ಣತೆಯ ರಿಜಿಸ್ಟರು ಅನೇಕ ಕಡೆ ಸುಳ್ಳು ಹೇಳುತ್ತದೆ. ಇಡೀ ತಿಂಗಳು ಒಂದೇ ಅಂಕಿ, ಒಂದೇ ಪೆನ್ನು, ಒಂದೇ ಕೈಬರಹವಿದ್ದರೆ ಅದನ್ನು ಒಂದೇ ಸಲ ಕೂತು ತುಂಬಿದ್ದಾರೆಂದು ಅನುಭವವಿರುವ ಅಧಿಕಾರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ. ಇದಕ್ಕೆ ಹುಡುಗರನ್ನು ಬೈಯುವುದು ನ್ಯಾಯವಲ್ಲ. ಅವರಲ್ಲಿ ಈಗ ಒಡಿಶಾ, ಬಂಗಾಳ, ಬಿಹಾರ, ನೇಪಾಳದವರು ಬಹಳ ಮಂದಿ. ಗೋಡೆಯ ಮೇಲಿನ ಸೂಚನೆ ಇಂಗ್ಲಿಷಿನಲ್ಲಿ, ಮೇಲ್ವಿಚಾರಕರ ಮಾತು ತುಳುವಿನಲ್ಲಿ ಅಥವಾ ಕನ್ನಡದಲ್ಲಿ. ನಾನು ಚಿತ್ರಗಳ ಮೂಲಕ, ಹಿಂದಿಯಲ್ಲಿ, ಬಣ್ಣದ ಗುರುತುಗಳಿಂದ ಕಲಿಸುತ್ತೇನೆ; ದಿನಕ್ಕೆ ಇಪ್ಪತ್ತು ಕಡೆ ಬರೆಯಬೇಕಾದ ರಿಜಿಸ್ಟರನ್ನು ನಾಲ್ಕೈದು ನಿಜವಾದ ಅಳತೆಗಳಿಗೆ ಇಳಿಸುತ್ತೇನೆ. ಕೈ ತೊಳೆಯುವ ಬೇಸಿನ್ನು ಪಾತ್ರೆ ತೊಳೆಯುವ ಮೋರಿಯ ಆಚೆ ಇದ್ದರೆ ಜನದಟ್ಟಣೆಯ ಹೊತ್ತಿನಲ್ಲಿ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ. ಹಸಿ ಕೋಳಿ ಕತ್ತರಿಸುವ ಜಾಗದ ಪಕ್ಕಕ್ಕೆ ನಲ್ಲಿ ತಂದುಕೊಟ್ಟರೆ ಉಪದೇಶವಿಲ್ಲದೆಯೂ ಕೈ ತೊಳೆಯುತ್ತಾರೆ.

ಮಳೆಗಾಲದಲ್ಲಿ ಬೇರೆಯದೇ ಎಚ್ಚರ ಬೇಕು. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್, ಹಿಂದಮಾತಾದಂಥ ಕಡೆ ರಸ್ತೆಯಲ್ಲಿ ನೀರು ನಿಂತಾಗ ಚರಂಡಿಯ ನೀರು ಕಟ್ಟಡದ ನೆಲದೊಳಗಿನ ಟ್ಯಾಂಕಿಗೆ ನುಗ್ಗುವ ಸಾಧ್ಯತೆ ಇರುತ್ತದೆ. ನೀರಿಳಿದ ಕೂಡಲೇ ಹೋಟೆಲು ತೆರೆಯುವ ಅವಸರದಲ್ಲಿ ನೆಲವನ್ನು ಮಾತ್ರ ತೊಳೆದು ಟ್ಯಾಂಕನ್ನು ಮರೆಯುತ್ತಾರೆ. ಟ್ಯಾಂಕ್ ಖಾಲಿ ಮಾಡಿಸಿ, ತೊಳೆದು, ಕ್ಲೋರಿನ್ ಹಾಕಿ, ನೀರಿನ ಪರೀಕ್ಷೆಯ ವರದಿ ಬರುವವರೆಗೆ ಚಟ್ನಿಗೂ ಮಂಜುಗಡ್ಡೆಗೂ ಹೊರಗಿನ ಕುಡಿಯುವ ನೀರನ್ನೇ ಬಳಸಬೇಕೆಂದು ನಾನು ಜೂನ್‌ಗೆ ಮೊದಲೇ ಲಿಖಿತವಾಗಿ ಕೊಟ್ಟಿರುತ್ತೇನೆ.

ಸಲಹೆಗಾರರನ್ನು ನೇಮಿಸಿಕೊಳ್ಳುವ ಮಾಲೀಕರಿಗೆ ಎರಡು ಮಾತು ಹೇಳಬೇಕಾಗಿದೆ. ಸಲಹೆ ಕೊಟ್ಟವರಿಂದಲೇ ಆಡಿಟ್ ಮಾಡಿಸಬೇಡಿ. ತಮ್ಮ ಕೆಲಸಕ್ಕೆ ತಾವೇ ಅಂಕ ಕೊಡುವುದು ಯಾರಿಗೂ ಒಳಿತಲ್ಲ. ಹಾಗೆಯೇ, ಪ್ರತಿ 25 ಮಂದಿ ಕೆಲಸಗಾರರಿಗೆ ಫಾಸ್ಟ್ಯಾಕ್ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ತರಬೇತಿ ಕಾರ್ಯಕ್ರಮ) ತರಬೇತಿ ಪಡೆದ ಒಬ್ಬ ಮೇಲ್ವಿಚಾರಕರಿರಬೇಕೆಂಬ ವ್ಯವಸ್ಥೆಗೆ ಗಲ್ಲಾದಲ್ಲಿ ಕೂರುವವರ ಹೆಸರು ಕೊಟ್ಟು ಮುಗಿಸದೆ, ಒಲೆಯ ಹತ್ತಿರ ನಿಲ್ಲುವವರನ್ನು ಕಳುಹಿಸಿ, ಪದಾರ್ಥವನ್ನು ಎಸೆಯಿರಿ ಎಂದು ಹೇಳುವ ಅಧಿಕಾರವನ್ನು ಅವರಿಗೆ ಕೊಡಿ. ಒಪ್ಪಂದ ಮಾಡಿಕೊಳ್ಳುವಾಗ ಮಧ್ಯಾಹ್ನದ ಊಟದ ಗದ್ದಲದಲ್ಲಿ ಮತ್ತು ರಾತ್ರಿ ಹೋಟೆಲು ಮುಚ್ಚುವ ಹೊತ್ತಿನಲ್ಲಿ ಮುನ್ಸೂಚನೆಯಿಲ್ಲದೆ ಅಡುಗೆಮನೆಗೆ ಬರುವ ಹಕ್ಕನ್ನು ನಾನು ಬರೆಸಿಕೊಳ್ಳುತ್ತೇನೆ, ಅದಕ್ಕೆ ಒಪ್ಪದವರ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ.