‘ಕಣ್ಣಿಲ್ಲದವರು ನಮ್ ಸೈಟಿಗೆ ಯಾಕ್ ಬರ್ತಾರ್ರೀ?’

ಬಳ್ಳಾರಿಯಲ್ಲಿ ವೆಬ್‌ಸೈಟ್ ಮಾಡಿಕೊಟ್ಟು ಹೊಟ್ಟೆ ಹೊರೆಯುವ ನನ್ನನ್ನು ಗಿರಾಕಿಗಳು ಕೇಳಿದ್ದಾರೆ, ನೆಂಟರು ಕೇಳಿದ್ದಾರೆ, ಬಾಯಿ ತೆರೆಸಿ ಕೂರಿಸಿಕೊಂಡ ಹಲ್ಲಿನ ವೈದ್ಯರೂ ಒಮ್ಮೆ ಕೇಳಿದ್ದಾರೆ. ವಿಕಲಚೇತನರಿಗೂ ಬಳಸಲು ಬರುವಂತೆ ಸೈಟು ಕಟ್ಟುತ್ತೇನೆ, ಅದಕ್ಕೆ ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ ಎಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ನೀವು ಯಾಕೆ ಬರುತ್ತೀರೋ ಅವರೂ ಅದಕ್ಕೇ ಬರುತ್ತಾರೆ. ಪ್ಯಾಂಟು ಕೊಳ್ಳಲು, ಬಸ್ಸಿನ ಸೀಟು ಕಾಯ್ದಿರಿಸಲು, ಮಗಳ ಫಲಿತಾಂಶ ನೋಡಲು. ‘ನೋಡಲು’ ಎಂದು ಅವರೇ ಹೇಳುತ್ತಾರೆ, ಆ ಶಬ್ದಕ್ಕೆ ನೀವು ಹಿಂಜರಿಯಬೇಕಾಗಿಲ್ಲ.

ಇದರ ಬೆನ್ನಿಗೇ ‘ಎಷ್ಟು ಮಂದಿ ಬರ್ತಾರೆ, ಲೆಕ್ಕ ತೋರಿಸ್ರಿ’ ಎಂಬುದೊಂದು ಇರುತ್ತದೆ. 2011ರ ಜನಗಣತಿಯು ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರನ್ನು ಎಣಿಸಿತ್ತು. ಆದರೆ ಅವರಲ್ಲಿ ಎಷ್ಟು ಮಂದಿ ನಿಮ್ಮ ಸೈಟಿಗೆ ಬಂದರೆಂದು ತೋರಿಸಲು ನನ್ನಿಂದಾಗದು. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ಒಬ್ಬರು ಬಳಸುತ್ತಿದ್ದಾರೆಂಬ ಸುಳಿವನ್ನು ಬ್ರೌಸರ್ ಸೈಟಿಗೆ ಬಿಟ್ಟುಕೊಡುವುದಿಲ್ಲ. ಬಂದು, ಏನೂ ಅರ್ಥವಾಗದೆ ಹೋದವರು ನಿಮ್ಮ ಲೆಕ್ಕದಲ್ಲಿ ‘ಅರ್ಧ ನಿಮಿಷ ಇದ್ದು ಹೋದವರು’ ಆಗಿ ಸೇರಿರುತ್ತಾರೆ, ಅಷ್ಟೆ.

ಕೌಲ್ ಬಜಾರಿನ ಕಡೆಯ ಜೀನ್ಸ್ ವ್ಯಾಪಾರಿಯೊಬ್ಬರು ಈ ಪ್ರಶ್ನೆ ಕೇಳಿದಾಗ ನಾನು ಬಾಯಿಮಾತಿಗೆ ಹೋಗದೆ, ಹುಟ್ಟಿನಿಂದ ಕಣ್ಣು ಕಾಣದ ನನ್ನ ಗೆಳೆಯರೊಬ್ಬರನ್ನು ಅಂಗಡಿಗೇ ಕರೆದೊಯ್ದೆ. ಚಹಾ ತರಿಸಿದ ವ್ಯಾಪಾರಿ ನನ್ನ ಕಡೆ ತಿರುಗಿ, ‘ಇವರಿಗೆ ಸಕ್ರಿ ಹಾಕೂದೇನ್ರಿ?’ ಎಂದರು. ಗೆಳೆಯರೇ ಉತ್ತರ ಕೊಟ್ಟರು: ‘ಕಣ್ಣಷ್ಟ ಇಲ್ಲರೀ, ಶುಗರ್ ಇಲ್ಲ. ಹಾಕ್ರಿ.’

ಆಮೇಲೆ ಅವರು ತಮ್ಮ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರಿನ ದನಿಯನ್ನು ಜೋರು ಮಾಡಿ ಅದೇ ಅಂಗಡಿಯ ಸೈಟನ್ನು ತೆರೆದರು. ಚಿತ್ರಕ್ಕೆ ವಿವರಣೆ ಇಲ್ಲದ್ದರಿಂದ ಅದು ಕಡತದ ಹೆಸರನ್ನೇ ಓದಿ ‘ಐ ಎಂ ಜಿ ಸೊನ್ನೆ ಸೊನ್ನೆ ನಾಲ್ಕು ಏಳು, ಚಿತ್ರ’ ಎಂದಿತು. ಬೆರಳು ಸರಿಸಿದರೆ ‘ಐ ಎಂ ಜಿ ಸೊನ್ನೆ ಸೊನ್ನೆ ನಾಲ್ಕು ಎಂಟು, ಚಿತ್ರ’. ನಲವತ್ತು ಪ್ಯಾಂಟುಗಳೂ ಹೀಗೆಯೇ ಸಾಲಾಗಿ ಬಂದವು. ಹೇಗೋ ಒಂದನ್ನು ಆರಿಸಿಕೊಂಡು ಅಳತೆಗೆ ಬಂದರೆ 30, 32, 34 ಎಂಬ ಚೌಕಗಳನ್ನು ಒತ್ತಬಹುದು ಎಂಬುದೇ ತಂತ್ರಾಂಶಕ್ಕೆ ತಿಳಿಯಲಿಲ್ಲ. ಕಡೆಗೆ ‘ಹೆಸರಿಲ್ಲದ ಬಟನ್’ ಎಂದು ಒಂದು ಸಿಕ್ಕಿತು. ಒತ್ತಿದರೆ ಏನಾಗುತ್ತದೆಂದು ಅವರು ಕೇಳಿದರು. ಅದು ಬುಟ್ಟಿಯನ್ನು ಖಾಲಿ ಮಾಡುವ ಬಟನ್ ಆಗಿತ್ತು.

ವ್ಯಾಪಾರಿ ನನ್ನ ಮುಖ ನೋಡಿದರು, ಏಕೆಂದರೆ ಆ ಸೈಟನ್ನು ಮೂರು ವರ್ಷದ ಹಿಂದೆ ಮಾಡಿಕೊಟ್ಟವನು ನಾನೇ. ಆಗ ಯಾರಿಗೂ ಇದು ಗೊತ್ತಿರಲಿಲ್ಲ ಎಂದು ಸಮಜಾಯಿಷಿ ಕೊಡಲು ಬಾಯಿ ತೆರೆದೆ, ಆದರೆ ಅದು ಸುಳ್ಳು. ಜಾಲತಾಣಗಳ ಸುಗಮ ಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಮೊದಲು ಹೊರಬಂದದ್ದು 1999ರಲ್ಲಿ. ನಮ್ಮ ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದು. ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಆದ್ದರಿಂದ ‘ಕಣ್ಣಿಲ್ಲದವರು’ ಎಂದಷ್ಟೇ ಕೇಳುವುದೂ ಅರೆಬರೆ ಪ್ರಶ್ನೆ. ಕೈ ನಡುಗಿ ಮೌಸ್ ಹಿಡಿಯಲಾಗದವರು ಕೀಲಿಮಣೆಯಲ್ಲೇ ಎಲ್ಲವನ್ನೂ ಮಾಡಬೇಕು, ಕಿವಿ ಕೇಳದವರಿಗೆ ವಿಡಿಯೊದ ಕೆಳಗೆ ಅಕ್ಷರ ಬೇಕು. ಆಸಿಡ್ ದಾಳಿಗೊಳಗಾದವರು ಕಣ್ಣು ಮಿಟುಕಿಸಿ ಗುರುತು ಖಾತರಿಪಡಿಸಬೇಕಾದ ಆನ್‌ಲೈನ್ ಕೆವೈಸಿಯಲ್ಲಿ ಅದಾಗದೆ ಸೋತು ಸುಪ್ರೀಂ ಕೋರ್ಟಿಗೆ ಹೋದರು, ಮತ್ತು ಡಿಜಿಟಲ್ ಸೇವೆ ಪಡೆಯುವುದು ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ 2025ರ ಏಪ್ರಿಲ್ 30ರಂದು ಹೇಳಿತು.

ಆದ್ದರಿಂದ ನನ್ನನ್ನು ಕೇಳಬೇಕಾದ ಪ್ರಶ್ನೆ ‘ಅವರು ಯಾಕೆ ಬರುತ್ತಾರೆ’ ಎಂಬುದಕ್ಕಿಂತ ‘ನೀನು ಮೊದಲೇ ಯಾಕೆ ಸರಿಯಾಗಿ ಮಾಡಲಿಲ್ಲ’ ಎಂಬುದು. ಯಾರೂ ಕೇಳಿಲ್ಲವಾದರೂ ಉತ್ತರ ಕೊಡುತ್ತೇನೆ. ಪುಟದ ಯಾವ ಭಾಗ ಏನೆಂದು ಬ್ರೌಸರಿಗೆ ತಿಳಿಸುವ ಗುರುತುಗಳಿಗೆ ಟ್ಯಾಗ್ ಎನ್ನುತ್ತಾರೆ, ಒತ್ತುವ ವಸ್ತುವಿಗೆಂದೇ ಬಟನ್ ಎಂಬ ಟ್ಯಾಗ್ ಇದೆ. ಅದನ್ನು ಬಳಸಿದ್ದರೆ ಸ್ಕ್ರೀನ್ ರೀಡರಿಗೂ ಕೀಲಿಮಣೆಗೂ ತಾನಾಗಿ ತಿಳಿಯುತ್ತಿತ್ತು. ಚೌಕ ಅಂದವಾಗಿ ಕಾಣಲೆಂದು ನಾನು ಡಿವ್ ಎಂಬ, ತಾನೇನೆಂದು ಹೇಳದ ಬರಿಯ ಡಬ್ಬಿಯ ಟ್ಯಾಗ್ ಹಾಕಿ ಬಣ್ಣ ಬಳಿದಿದ್ದೆ. ಪುಟದ ಭಾಷೆ ಕನ್ನಡವೆಂದು ತಿಳಿಸುವ ‘ಕೆ ಎನ್’ ಎಂಬ ಎರಡಕ್ಷರ ಬರೆಯುವ ಜಾಗದಲ್ಲಿ ಇಂಗ್ಲಿಷೆಂದು ಬಿಟ್ಟಿದ್ದೆ. ಬೆಲೆಪಟ್ಟಿಯಂತೂ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಪಿಡಿಎಫ್. ಅದರಲ್ಲಿ ನಮ್ಮ ಕಣ್ಣಿಗೆ ‘ಕ’ ಎಂದು ಕಾಣುವ ಕಡೆ ಒಳಗಿರುವುದು ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗೀಟುಳ್ಳ ಒಂದು ‘ಎ’. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡಿಗೆ ಬದಲಿಸುವವರೆಗೆ ಸ್ಕ್ರೀನ್ ರೀಡರ್ ಅದನ್ನು ಕನ್ನಡವೆಂದು ಓದಲಾರದು.

ಎಲ್ಲವನ್ನೂ ಸರಿಪಡಿಸಲು ಎರಡು ದಿನ ಹಿಡಿಯಿತು, ಹಣ ಕೇಳುವ ಮುಖ ನನಗಿರಲಿಲ್ಲ. ಚಿತ್ರಗಳಿಗೆ ವಿವರಣೆ ಬರೆಯುವಾಗ ಮಾತ್ರ ನಲವತ್ತಕ್ಕೂ ‘ನೀಲಿ ಜೀನ್ಸ್ ಪ್ಯಾಂಟ್’ ಎಂದು ಬರೆದು ಕೈತೊಳೆದುಕೊಂಡೆ. ಗೆಳೆಯರು ಫೋನು ಮಾಡಿ, ‘ಯಾವ ನೀಲಿರೀ?’ ಎಂದರು. ನಾನು ತಡವರಿಸಿದೆ. ‘ನನಗ ಕಾಣದಿದ್ರೇನು, ನೋಡೋ ಮಂದಿಗೆ ಕಾಣ್ತೈತಲ್ಲ’ ಎಂದರು.

ಕಡೆಗೆ ಆ ಕೆಲಸವನ್ನು ವ್ಯಾಪಾರಿಯೇ ವಹಿಸಿಕೊಂಡರು. ಹೊರ ಊರಿನ ಗಿರಾಕಿಗಳಿಗೆ ಫೋನಿನಲ್ಲೇ ಮಾಲು ಮಾರಿ ಪಳಗಿದ ಬಾಯಿ ಅವರದು. ಒಂದೊಂದೇ ಪ್ಯಾಂಟನ್ನು ಮೇಜಿನ ಮೇಲೆ ಹರಡಿ, ಕೈಯಾಡಿಸುತ್ತ ಹೇಳುತ್ತ ಹೋದರು, ನಾನು ಬರೆದುಕೊಂಡೆ: ‘ಒಗೆದು ತಿಳಿಯಾದ ನೀಲಿ, ತೊಡೆಯ ಮೇಲೆ ಮಾಸಲು, ಹೊಲಿಗೆ ಅರಿಸಿನ ಬಣ್ಣದ್ದು, ಕೆಳಗ ಬಿಗಿ.’